ಮಾಲ್ಗುಡಿ ಕಾಣದ ತೆರೆ

1960ರ ದಶಕದ ಆರಂಭದಲ್ಲಿ ಒಂದು ಸಿನಿಮಾ ತಂಡ ಮೈಸೂರಿನ ಸುತ್ತಮುತ್ತ ಓಡಾಡಿತು. ಅವರಿಗೆ ದಾರಿ ತೋರಿಸುತ್ತಿದ್ದವರು ಯಾದವಗಿರಿಯ ಆರ್.ಕೆ. ನಾರಾಯಣ್. ಅವರ ‘ದಿ ಗೈಡ್’ ಕಾದಂಬರಿ ಚಿತ್ರವಾಗಲಿತ್ತು. ಹೊಳೆದಂಡೆಯ ಹಳ್ಳಿ, ಹಳೆಯ ಗುಡಿ, ಆಲದ ನೆರಳಿನ ಅಂಗಡಿಗಳು, ಗೋಪಾಲಸ್ವಾಮಿ ಬೆಟ್ಟ, ಹೀಗೆ ಕಥೆ ಬರೆಯುವಾಗ ಮನಸ್ಸಿನಲ್ಲಿ ಸುಳಿದಾಡಿದ್ದ ಜಾಗಗಳನ್ನು ಅವರು ಆಸ್ಥೆಯಿಂದ ತೋರಿಸಿದರು. ಬಂದವರು ನೋಡಿ ಮೆಚ್ಚಿಯೂ ಮೆಚ್ಚಿದರು. ಆದರೆ ಚಿತ್ರೀಕರಣ ನಡೆದದ್ದು ದೂರದ ರಾಜಸ್ಥಾನದಲ್ಲಿ. ನಾರಾಯಣ್ ಕಥೆಗಳ ಕಲ್ಪಿತ ಊರು ಮಾಲ್ಗುಡಿ ಉದಯಪುರಕ್ಕೆ ಹೋಯಿತು.

ನಾರಾಯಣ್ ಇದನ್ನು ಸುಮ್ಮನೆ ನುಂಗಿಕೊಳ್ಳಲಿಲ್ಲ. ‘ಮಿಸ್‌ಗೈಡೆಡ್ ಗೈಡ್’ ಎಂಬ ಪ್ರಬಂಧದಲ್ಲಿ ತಮ್ಮ ಕಥೆಗೆ ಆದದ್ದನ್ನು ಬಿಚ್ಚಿಟ್ಟರು. ತೆರೆಯ ಮೇಲೆ ಕಂಡದ್ದು ಹಿಡಿಸಲಿಲ್ಲ ಎಂದು ಬರೆದ ಭಾರತೀಯ ಪ್ರೇಕ್ಷಕರ ಸಾಲಿನಲ್ಲಿ ಅವರಷ್ಟು ವಿವರವಾಗಿ, ಅಷ್ಟು ಸಮಾಧಾನದ ದನಿಯಲ್ಲಿ ಬರೆದವರು ವಿರಳ. ಕಥೆ ಅವರದು, ಪಾತ್ರಗಳು ಅವರವು, ಊರೂ ಅವರದೇ. ಅಂಥವರೇ ಕತ್ತಲ ಮಂದಿರದಲ್ಲಿ ಕುಳಿತು ತಮ್ಮ ಊರನ್ನು ಗುರುತಿಸಲಾರದೆ ಹೋದರು.

ಸಿನಿಮಾ, ಧಾರಾವಾಹಿ ನೋಡಿ ಬೇಸರಪಡುವುದಕ್ಕೂ ಒಂದು ಇತಿಹಾಸವಿದೆ. ಅದನ್ನು ಯಾರೂ ಬರೆದಿಡುವುದಿಲ್ಲ, ಏಕೆಂದರೆ ಚಿತ್ರರಂಗದ ಚರಿತ್ರೆ ಗೆದ್ದ ಚಿತ್ರಗಳ, ಶತದಿನೋತ್ಸವಗಳ ಚರಿತ್ರೆ. ‘ಪುಸ್ತಕದಲ್ಲಿ ಇದ್ದ ಹಾಗಿಲ್ಲ’, ‘ಕಥೆ ಕೆಡಿಸಿಬಿಟ್ಟರು’, ‘ಎಳೀತಾನೇ ಇದ್ದಾರೆ’ ಎಂಬ ಮಾತುಗಳು ಮಂದಿರದ ಮೆಟ್ಟಿಲಲ್ಲೋ ಊಟದ ಮನೆಯಲ್ಲೋ ಕರಗಿಹೋಗುತ್ತವೆ. ಆ ಮಾತುಗಳಲ್ಲಿ ಕೆಲವು ಮಾತ್ರ ದಾಖಲೆಯಾಗಿ ಉಳಿದಿವೆ. ಅವುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಮೈಸೂರಿನದು.

‘ದಿ ಗೈಡ್’ ಹುಟ್ಟಿದ ಬಗೆಯನ್ನು ನೋಡಿದರೆ ನಾರಾಯಣ್ ಅವರ ಬೇಸರದ ಬೇರು ಸಿಗುತ್ತದೆ. ಮೈಸೂರು ಸೀಮೆಗೆ ಒಮ್ಮೆ ಭೀಕರ ಬರ ಬಂತು. ಕೆರೆಕಟ್ಟೆ ಬತ್ತಿದವು, ಕಾವೇರಿಯ ಪಾತ್ರ ಮರಳಾಯಿತು. ಮಳೆಗಾಗಿ ಪ್ರಾರ್ಥನೆ ಏರ್ಪಾಡಾಯಿತು. ಬ್ರಾಹ್ಮಣರ ಒಂದು ತಂಡ ಬತ್ತಿದ ನದಿಪಾತ್ರದಲ್ಲಿ, ಕಷ್ಟಪಟ್ಟು ತುಂಬಿಸಿದ ಮೊಣಕಾಲುದ್ದ ನೀರಿನಲ್ಲಿ ನಿಂತು ಉಪವಾಸವಿದ್ದು 11 ದಿನ ಜಪ ಮಾಡಿತು. 12ನೇ ದಿನ ಮಳೆ ಬಂತು. ಈ ಘಟನೆ ನಾರಾಯಣ್ ಅವರ ತಲೆಯಲ್ಲಿ ಉಳಿಯಿತು. 1956ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅಮೆರಿಕಕ್ಕೆ ಹೋದಾಗ, ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಹೋಟೆಲ್ ಕೋಣೆಯಲ್ಲಿ ಕುಳಿತು ಅವರು ಕಾದಂಬರಿ ಬರೆದರು. ಇಷ್ಟವಿಲ್ಲದಿದ್ದರೂ ಸಾಧುವಾಗಬೇಕಾಗಿ ಬಂದವನೊಬ್ಬ ಉಪವಾಸ ಕೂತು ಸಾಯಬೇಕೇ ಬದುಕಬೇಕೇ ಎಂಬ ಪ್ರಶ್ನೆಯನ್ನು ಗೆಳೆಯ ಗ್ರಹಾಂ ಗ್ರೀನ್ ಜೊತೆ ಚರ್ಚಿಸಿದ್ದೂ ಉಂಟು. ಸಾಯಬೇಕು ಎಂದರು ಗ್ರೀನ್. ಪುಸ್ತಕ 1958ರಲ್ಲಿ ಬಂತು, 1960ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು.

ಕಥಾನಾಯಕ ರಾಜು ರೈಲು ನಿಲ್ದಾಣದಲ್ಲಿ ಅಂಗಡಿ ಇಟ್ಟವನು. ಬಂದ ಪ್ರಯಾಣಿಕರಿಗೆ ಊರು ತೋರಿಸುತ್ತ ತೋರಿಸುತ್ತ ಗೈಡ್ ಆದವನು. ಗೊತ್ತಿಲ್ಲ ಎಂದು ಹೇಳಲು ಬಾರದ ಸ್ವಭಾವ ಅವನದು, ಅದೇ ಅವನನ್ನು ಜೈಲಿಗೂ ಆಮೇಲೆ ಸಾಧುವಿನ ಪೀಠಕ್ಕೂ ಕೊಂಡೊಯ್ಯುತ್ತದೆ. ಇಡೀ ಕಥೆ ನಿಂತಿರುವುದು ಒಂದು ಸಣ್ಣ ಊರಿನ ಅಳತೆಯ ಮೇಲೆ. ಎಲ್ಲರಿಗೂ ಎಲ್ಲರ ಸಂಗತಿ ಗೊತ್ತಿರುವ ಊರು ಅದು. ನಾಟ್ಯ ಕಲಿತ ರೋಸಿ ಗಂಡನನ್ನು ಬಿಟ್ಟು ರಾಜುವಿನ ಮನೆಗೆ ಬಂದಳೆಂದರೆ ಹಳ್ಳಿಯಿಂದ ಸೋದರಮಾವ ಬಂದು ಜಗಳ ತೆಗೆಯುವಂಥ, ತಾಯಿ ಮನೆ ಬಿಟ್ಟು ಹೋಗುವಂಥ ಊರು. ಆ ಊರನ್ನು ದೊಡ್ಡದು ಮಾಡಿದರೆ ಸೋದರಮಾವನ ಸಿಟ್ಟಿಗೆ ಭಾರವಿರುವುದಿಲ್ಲ, ತಾಯಿಯ ಅವಮಾನಕ್ಕೂ ಇರುವುದಿಲ್ಲ.

ಚಿತ್ರ ಮಾಡಲು ಹೊರಟವರ ಲೆಕ್ಕವೇ ಬೇರೆ ಇತ್ತು. ದೇವ್ ಆನಂದ್ ಈ ಕಾದಂಬರಿಯನ್ನು ಅಮೆರಿಕದ ಪ್ರೇಕ್ಷಕರಿಗೂ ಮುಟ್ಟಿಸುವ ಹಂಬಲ ಹೊತ್ತಿದ್ದರು. ಇಂಗ್ಲಿಷ್ ಚಿತ್ರಕಥೆ ನೊಬೆಲ್ ಪ್ರಶಸ್ತಿ ಪಡೆದ ಲೇಖಕಿ ಪರ್ಲ್ ಎಸ್. ಬಕ್ ಅವರದು, ನಿರ್ದೇಶನ ಟ್ಯಾಡ್ ಡೇನಿಯಲೆವ್‌ಸ್ಕಿ ಅವರದು. ಹಿಂದಿ ಆವೃತ್ತಿಯನ್ನು ನಿರ್ದೇಶಿಸಿದವರು ವಿಜಯ್ ಆನಂದ್. ಬಣ್ಣದ ಚಿತ್ರ, ದೊಡ್ಡ ಬಂಡವಾಳ, ಎರಡು ಭಾಷೆ. ಅಷ್ಟು ಹಣ ಸುರಿದವರಿಗೆ ಅರಮನೆ ಬೇಕು, ಕೋಟೆ ಬೇಕು, ಸರೋವರ ಬೇಕು. ಮಾಲ್ಗುಡಿಯಲ್ಲಿ ಇವು ಯಾವುವೂ ಇಲ್ಲ. ಮಾಲ್ಗುಡಿ ಸಣ್ಣ ಊರು ಎಂದು ನಾರಾಯಣ್ ಹೇಳಿದಾಗ, ಅದರ ಕಲ್ಪನೆಯನ್ನೇ ತಾವು ವಿಸ್ತರಿಸುತ್ತಿದ್ದೇವೆ ಎಂಬ ಅರ್ಥದ ಉತ್ತರ ಬಂತು. ಗಂಡಸರಿಬ್ಬರ ಪೈಪೋಟಿಗೆ ಸಂಕೇತವಾಗಿ ಹುಲಿಗಳ ಕಾಳಗ ಬೇಕು ಎಂಬ ಮಾತೂ ಬಂತು. ಕಾದಂಬರಿಯಲ್ಲಿ ಅಂಥ ಕಾಳಗ ಇಲ್ಲವೆಂದು ಬರೆದವರೇ ಹೇಳಿದರೂ ಕೇಳುವವರಿರಲಿಲ್ಲ.

ನಾರಾಯಣ್ ಸಿನಿಮಾ ಲೋಕ ಅರಿಯದ ಮುಗ್ಧರಾಗಿದ್ದರು, ಅದಕ್ಕೇ ಬೇಸರಪಟ್ಟರು ಎನ್ನುವಂತಿಲ್ಲ. 1947ರಲ್ಲೇ ಮದರಾಸಿನ ಜೆಮಿನಿ ಸ್ಟುಡಿಯೋ ಅವರ ಕಥೆಯಿಂದ ‘ಮಿಸ್ ಮಾಲಿನಿ’ ಎಂಬ ತಮಿಳು ಚಿತ್ರ ತೆಗೆದಿತ್ತು. 1952ರಲ್ಲಿ ಎಸ್.ಎಸ್. ವಾಸನ್ ಹಿಂದಿಯಲ್ಲಿ ‘ಮಿಸ್ಟರ್ ಸಂಪತ್’ ಮಾಡಿದ್ದರು, ಮೋತಿಲಾಲ್ ಮುಖ್ಯಪಾತ್ರದಲ್ಲಿದ್ದರು. ‘ಮಿಸ್ಟರ್ ಸಂಪತ್’ ಕಾದಂಬರಿಯ ದೊಡ್ಡ ಭಾಗ ನಡೆಯುವುದೇ ಒಂದು ಸ್ಟುಡಿಯೋದಲ್ಲಿ. ಕಾಮದಹನದ ಕಥೆ ಚಿತ್ರವಾಗುತ್ತ ಆಗುತ್ತ ಹೇಗೆ ಎಲ್ಲರ ಕೈ ಮೀರಿ ಹೋಗುತ್ತದೆ ಎಂಬುದನ್ನು ಅವರು ಅಲ್ಲಿ ಬರೆದಿದ್ದರು. ‘ದಿ ಗೈಡ್’ ಕಾದಂಬರಿಯ ಕೊನೆಯ ಪುಟಗಳಲ್ಲೂ ಕ್ಯಾಮೆರಾ ಇದೆ. ಉಪವಾಸ ಕೂತ ರಾಜುವನ್ನು ಚಿತ್ರೀಕರಿಸಲು ಕ್ಯಾಲಿಫೋರ್ನಿಯಾದಿಂದ ಜೇಮ್ಸ್ ಮಲೋನ್ ಎಂಬಾತ ಬರುತ್ತಾನೆ, ದೀಪ ಹಚ್ಚುತ್ತಾನೆ, ಪ್ರಶ್ನೆ ಕೇಳುತ್ತಾನೆ, ತನ್ನ ದೇಶದ ಜನಕ್ಕೆ ಇದನ್ನೆಲ್ಲ ತೋರಿಸುತ್ತೇನೆ ಎನ್ನುತ್ತಾನೆ. ಅಮೆರಿಕದ ಚಿತ್ರತಂಡ ಮೈಸೂರಿಗೆ ಬರುವುದಕ್ಕೆ ವರ್ಷಗಳ ಮುಂಚೆಯೇ ನಾರಾಯಣ್ ಅದನ್ನು ಕಾಗದದ ಮೇಲೆ ಕಂಡಿದ್ದರು.

ಇಂಗ್ಲಿಷ್ ಚಿತ್ರ 1965ರಲ್ಲಿ ನ್ಯೂಯಾರ್ಕಿನಲ್ಲಿ ಬಿಡುಗಡೆಯಾಗಿ ಸೋತಿತು. 1968ರಲ್ಲಿ ಬ್ರಾಡ್‌ವೇ ರಂಗಭೂಮಿಯಲ್ಲಿ ‘ಗೈಡ್’ ನಾಟಕವಾಯಿತು, ಅದೂ ಐದೇ ಪ್ರದರ್ಶನಗಳಿಗೆ ನಿಂತಿತು. ಹಿಂದಿ ‘ಗೈಡ್’ ಮಾತ್ರ ದೇಶವನ್ನೇ ಗೆದ್ದಿತು. ಎಸ್.ಡಿ. ಬರ್ಮನ್ ಅವರ ಹಾಡುಗಳು ಮನೆಮನೆಗೆ ಹೋದವು. ವಹೀದಾ ರೆಹಮಾನ್ ಅವರ ರೋಸಿ ಹಿಂದಿ ಚಿತ್ರರಂಗದ ಮರೆಯಲಾಗದ ಹೆಣ್ಣುಗಳಲ್ಲಿ ಒಬ್ಬಳಾದಳು. ಫಿಲ್ಮ್‌ಫೇರ್ ಏಳು ಪ್ರಶಸ್ತಿ ಕೊಟ್ಟಿತು, ಅದರಲ್ಲಿ ಒಂದು ಅತ್ಯುತ್ತಮ ಕಥೆಗೆ, ಅಂದರೆ ನಾರಾಯಣ್ ಅವರಿಗೇ.

ಕಾದಂಬರಿಯನ್ನೂ ಓದಿ ಹಿಂದಿ ಚಿತ್ರವನ್ನೂ ನೋಡಿದವರಿಗೆ ಇಲ್ಲೊಂದು ನಿಜವಾದ ತೊಡಕಿದೆ. ವಿಜಯ್ ಆನಂದ್ ತೆಗೆದದ್ದು ಒಳ್ಳೆಯ ಚಿತ್ರ. ರೋಸಿ ಗುಹೆಯಲ್ಲಿ ತನ್ನ ಗಂಡನೆದುರು ನಿಂತು ಮಾತಾಡುವ ದೃಶ್ಯದ ಬಿಸಿ ಇವತ್ತಿಗೂ ಆರಿಲ್ಲ. ಆದರೂ ಕೊನೆಯಲ್ಲಿ ಆಗುವುದನ್ನು ನೋಡಬೇಕು. ಕಾದಂಬರಿಯಲ್ಲಿ ರಾಜು ತನ್ನವರು ಯಾರೂ ಬಳಿಯಿಲ್ಲದೆ, ಬತ್ತಿದ ಹೊಳೆಯಲ್ಲಿ ನಿಂತು ಕುಸಿಯುತ್ತಾನೆ. ಬೆಟ್ಟದ ಕಡೆ ಮಳೆಯಾಗುತ್ತಿದೆ ಎಂದು ಅವನಿಗೆ ಅನ್ನಿಸುತ್ತದೆ. ನಿಜಕ್ಕೂ ಮಳೆ ಬಂತೇ, ಅವನು ಸತ್ತನೇ, ನಾರಾಯಣ್ ಹೇಳುವುದಿಲ್ಲ. ಚಿತ್ರದಲ್ಲಿ ರೋಸಿ ಬರುತ್ತಾಳೆ, ತಾಯಿ ಬರುತ್ತಾಳೆ, ಆಕಾಶ ಕಪ್ಪಾಗುತ್ತದೆ, ಜನ ನೆನೆದು ಕುಣಿಯುವಷ್ಟು ಮಳೆ ಸುರಿಯುತ್ತದೆ. ಕಾವೇರಿ ಪಾತ್ರದಲ್ಲಿ ನಿಂತವರನ್ನು ಕಂಡ ಊರಿನ ಲೇಖಕ ಅನುಮಾನಕ್ಕೆ ಬಿಟ್ಟಿದ್ದನ್ನು ಚಿತ್ರ ಪವಾಡ ಮಾಡಿತು. ಪವಾಡ ಬೇಕಿದ್ದ ಪ್ರೇಕ್ಷಕರು ಲಕ್ಷಾಂತರ, ಅನುಮಾನವೇ ಬೇಕಿದ್ದವರು ಕೆಲವರು. ಆ ಕೆಲವರ ಬೇಸರ ನ್ಯಾಯವಾದದ್ದು ಎಂದೇ ಈ ಲೇಖನದ ನಿಲುವು.

ಕನ್ನಡದಲ್ಲಿ ಇಂಥ ಬೇಸರಕ್ಕೆ ಜಾಗ ಹೆಚ್ಚು, ಏಕೆಂದರೆ ಇಲ್ಲಿನ ಪ್ರೇಕ್ಷಕರಲ್ಲಿ ಓದುಗರೇ ತುಂಬಿದ್ದರು. 1962ರಲ್ಲಿ ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’ ಕಾದಂಬರಿ ‘ಕರುಣೆಯೇ ಕುಟುಂಬದ ಕಣ್ಣು’ ಚಿತ್ರವಾದ ಮೇಲೆ ಕಾದಂಬರಿಗಳ ಸಾಲೇ ತೆರೆಗೆ ಬಂತು. ತ್ರಿವೇಣಿಯವರ ‘ಬೆಳ್ಳಿಮೋಡ’ ಮತ್ತು ‘ಶರಪಂಜರ’, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’, ಟಿ.ಕೆ. ರಾಮರಾಯರ ‘ಬಂಗಾರದ ಮನುಷ್ಯ’, ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದನ್ನು ಕತ್ತರಿಸಿ ಹೊಲಿದು ಇಟ್ಟುಕೊಂಡವರು, ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಬಾಡಿಗೆಗೆ ತಂದು ರಾತ್ರಿಯೇ ಮುಗಿಸಿದವರು ಟಿಕೆಟ್ ಕೊಂಡು ಬಂದು ಕೂರುತ್ತಿದ್ದರು. ನಾಯಕಿಯ ಮುಖ ಅವರ ತಲೆಯಲ್ಲಿ ಆಗಲೇ ಇರುತ್ತಿತ್ತು. ಗಾಂಧಿ ಕ್ಲಾಸಿನ ಶಿಳ್ಳೆ ಬೇರೆ, ಬಾಲ್ಕನಿಯಲ್ಲಿ ಕೂತ ಈ ಓದುಗರ ನಿಟ್ಟುಸಿರು ಬೇರೆ. ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರಿಂದ ತಮ್ಮ ಹೆಣ್ಣುಮಕ್ಕಳು ತೆರೆಯ ಮೇಲೆ ಹೇಗೆ ಕಂಡರೆಂದು ಹೇಳಲು ಅವರು ಉಳಿದಿರಲಿಲ್ಲ.

ಕಾದಂಬರಿಕಾರ ತ.ರಾ.ಸು. ಉಳಿದಿದ್ದರು, ಹೇಳಿದರು.

1972ರ ಕೊನೆಯಲ್ಲಿ ಬಿಡುಗಡೆಯಾದ ‘ನಾಗರಹಾವು’ ಪುಟ್ಟಣ್ಣ ಕಣಗಾಲರ ಚಿತ್ರ, ಎನ್. ವೀರಾಸ್ವಾಮಿಯವರ ನಿರ್ಮಾಣ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಬೆಸೆದು ಕಥೆ ಮಾಡಲಾಗಿತ್ತು. ಮಾಲ್ಗುಡಿಗೆ ಆದ ಅನ್ಯಾಯ ಇಲ್ಲಿ ಆಗಲಿಲ್ಲ. ಚಿತ್ರದುರ್ಗದ ಕಥೆಯನ್ನು ಚಿತ್ರದುರ್ಗದಲ್ಲೇ ತೆಗೆದರು. ಕೋಟೆಯ ಬತೇರಿ, ಬಂಡೆಗಳ ನಡುವಿನ ದಾರಿ, ಬೆಟ್ಟದ ಬಿಸಿಲು ಎಲ್ಲ ಅದೇ. ದುರ್ಗದ ಪಾಳೆಯಗಾರರ ಚರಿತ್ರೆಯನ್ನು ಕಾದಂಬರಿಗಳ ಮೂಲಕ ಕನ್ನಡಿಗರ ಮನೆಗೆ ತಂದ ಲೇಖಕನಿಗೆ ಇದಕ್ಕಿಂತ ಹೆಚ್ಚಿನ ಗೌರವ ಏನಿದ್ದೀತು? ಹೊಸ ನಟ ವಿಷ್ಣುವರ್ಧನ್ ರಾಮಾಚಾರಿಯಾದರು, ಅಂಬರೀಷ್ ಜಲೀಲನಾಗಿ ಮೊದಲ ಬಾರಿಗೆ ಕಂಡರು, ಕೆ.ಎಸ್. ಅಶ್ವತ್ಥ್ ಚಾಮಯ್ಯ ಮೇಷ್ಟ್ರಾಗಿ ಕನ್ನಡ ನಾಡಿನ ಎಲ್ಲ ಮೇಷ್ಟ್ರುಗಳ ಮುಖವಾದರು.

ಜನ ಮುಗಿಬಿದ್ದರು. ತ.ರಾ.ಸು. ಅವರಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಅವರು ನೊಂದು ನುಡಿದರೆಂಬ ಮಾತು ಅರ್ಧ ಶತಮಾನ ದಾಟಿದರೂ ಚಿತ್ರರಂಗದಲ್ಲಿ ಓಡಾಡುತ್ತಿದೆ. ಕೇರೆಗೆ ವಿಷವಿಲ್ಲ. ತಾವು ಸೃಷ್ಟಿಸಿದ ಹುಡುಗನ ಹಲ್ಲು ಕಿತ್ತರು ಎಂಬುದು ಬರೆದವರ ಅಳಲು.

ಈ ಎರಡು ದೂರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ಸಂಗತಿ ತಿಳಿಯಾಗುತ್ತದೆ. ‘ಗೈಡ್’ನಲ್ಲಿ ಊರು ಹೋಯಿತು. ‘ನಾಗರಹಾವು’ ಚಿತ್ರದಲ್ಲಿ ಊರು ಕಲ್ಲುಕಲ್ಲಾಗಿ ಇತ್ತು, ಆದರೂ ಲೇಖಕನಿಗೆ ತನ್ನ ಮನುಷ್ಯ ಕಾಣಲಿಲ್ಲ. ಚಿತ್ರದ ರಾಮಾಚಾರಿ ಒರಟ, ಆದರೆ ಪ್ರೇಕ್ಷಕನ ಪ್ರೀತಿಯನ್ನು ಕಳೆದುಕೊಳ್ಳದ ಒರಟ. ಮೇಷ್ಟ್ರ ಮಾತಿಗೆ ತನ್ನ ಪ್ರೀತಿಯನ್ನೇ ಬಿಡುತ್ತಾನೆ, ಕೊನೆಗೆ, ಆಮೇಲೆ ಪ್ರೀತಿಸಿದ ಮಾರ್ಗರೆಟ್ ಜೊತೆ ಬೆಟ್ಟದಿಂದ ಹಾರುತ್ತಾನೆ. ಮಂದಿರದಲ್ಲಿ ಅತ್ತ ಜನ ಅವನನ್ನು ತಮ್ಮ ಮನೆಯ ಹುಡುಗನೆಂದೇ ತಿಳಿದರು. ಪುಟ್ಟಣ್ಣ ಗೆದ್ದದ್ದು ಆ ಕಣ್ಣೀರಿನಿಂದ. ತ.ರಾ.ಸು. ಸೋತೆನೆಂದು ತಿಳಿದದ್ದೂ ಅದರಿಂದಲೇ.

ಇದೇ ಪುಟ್ಟಣ್ಣ 1974ರಲ್ಲಿ ಇದೇ ಕಥೆಯನ್ನು ‘ಜಹರೀಲಾ ಇನ್ಸಾನ್’ ಎಂದು ಹಿಂದಿಗೆ ಒಯ್ದರು. ರಿಷಿ ಕಪೂರ್ ನಾಯಕ. ಚಿತ್ರದುರ್ಗದ ಕೋಟೆ ಅಲ್ಲಿಯೂ ಇತ್ತು. ಚಿತ್ರ ಬಿದ್ದುಹೋಯಿತು. ಕನ್ನಡದಲ್ಲಿ ತುಂಬಿದ ಮಂದಿರಗಳನ್ನು ಕಂಡಿದ್ದ ನಿರ್ದೇಶಕನಿಗೆ ಈ ಬಾರಿ ಪ್ರೇಕ್ಷಕರೇ ಬೇಸರ ತೋರಿಸಿದರು. ‘ನಾಗರಹಾವು’ ಮಾತ್ರ 2018ರಲ್ಲಿ ಹೊಸ ತಂತ್ರಜ್ಞಾನದ ಮೆರುಗು ಪಡೆದು ಮತ್ತೆ ಮಂದಿರಗಳಿಗೆ ಬಂದಾಗಲೂ ಜನ ಹೋಗಿ ನೋಡಿದರು.

ಟಿ.ವಿ. ಬಂದ ಮೇಲೆ ಬೇಸರದ ಸ್ವರೂಪ ಬದಲಾಯಿತು. ಸಿನಿಮಾ ಹಿಡಿಸದಿದ್ದರೆ ಎದ್ದು ಹೋಗಬಹುದು, ಚಿತ್ರ ಮಾತ್ರ ಬದಲಾಗುವುದಿಲ್ಲ. ಧಾರಾವಾಹಿ ಇನ್ನೂ ತಯಾರಾಗುತ್ತಲೇ ಇರುತ್ತದೆ, ಹಾಗಾಗಿ ನೋಡುವವನ ಮಾತಿಗೆ ಕಥೆಯನ್ನೇ ತಿರುಗಿಸುವ ಬಲ ಬಂತು. 1984ರಲ್ಲಿ ದೂರದರ್ಶನದಲ್ಲಿ ಶುರುವಾದ ‘ಹಮ್ ಲೋಗ್’ ಮೊದಲು ಕುಟುಂಬ ಯೋಜನೆಯ ಪಾಠವನ್ನು ನೇರವಾಗಿ ಹೇಳಹೊರಟಿತು. ಆರಂಭದ ಕಂತುಗಳು ಜನಕ್ಕೆ ಹಿಡಿಸಲಿಲ್ಲ. ಬರಹಗಾರ ಮನೋಹರ್ ಶ್ಯಾಮ್ ಜೋಶಿ ಮತ್ತು ತಂಡ ಉಪದೇಶ ಕಡಿಮೆ ಮಾಡಿ ಮನೆಯೊಳಗಿನ ಕಥೆ ಬೆಳೆಸಿದರು. ಸುಮಾರು ನಾಲ್ಕು ಲಕ್ಷ ಪತ್ರಗಳು ಬಂದವು. ಕಂತಿನ ಕೊನೆಯಲ್ಲಿ ಅಶೋಕ್ ಕುಮಾರ್ ಬಂದು ನೋಡುಗರೊಂದಿಗೆ ಮಾತಾಡುತ್ತಿದ್ದರು. 1988ರ ಜುಲೈ 31ರಂದು ರಮಾನಂದ ಸಾಗರರ ‘ರಾಮಾಯಣ’ ಪಟ್ಟಾಭಿಷೇಕದೊಂದಿಗೆ ಮುಗಿದಾಗ ಇನ್ನೂ ದೊಡ್ಡ ಸಂಗತಿ ನಡೆಯಿತು. ವಾಲ್ಮೀಕಿಯನ್ನು ತಮ್ಮ ಮೂಲಪುರುಷನೆಂದು ಪೂಜಿಸುವ ಪೌರಕಾರ್ಮಿಕರಿಗೆ ಉತ್ತರಕಾಂಡವಿಲ್ಲದ ರಾಮಾಯಣ ಒಪ್ಪಿಗೆಯಾಗಲಿಲ್ಲ. ಲವಕುಶರಿಗೆ ಆಸರೆ ಕೊಟ್ಟ ವಾಲ್ಮೀಕಿ ಕಾಣುವುದು ಅಲ್ಲಿಯೇ. ಜಲಂಧರ್ ಮತ್ತು ಉತ್ತರದ ಇತರ ಪಟ್ಟಣಗಳಲ್ಲಿ ಅವರು ಕೆಲಸ ನಿಲ್ಲಿಸಿದರು. ಉತ್ತರ ರಾಮಾಯಣದ ಕಂತುಗಳು ತಯಾರಾಗಿ ಪ್ರಸಾರವಾದವು. ಕಸಬರಿಗೆ ಕೆಳಗಿಟ್ಟು ಒಂದು ಧಾರಾವಾಹಿಯ ಕೊನೆಯನ್ನು ಬದಲಿಸಿದ ಆ ಜನರದ್ದು ಅತೃಪ್ತ ವೀಕ್ಷಕರ ಚರಿತ್ರೆಯಲ್ಲಿ ದೊಡ್ಡ ಅಧ್ಯಾಯ.

ಕರ್ನಾಟಕಕ್ಕೆ ಟಿ.ವಿ. ಬಂದದ್ದು ರಾಜಧಾನಿಯ ಮೂಲಕ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಪ್ರಯೋಗದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಮೊದಲು ಟಿ.ವಿ. ಕಂಡವು. ಬೆಂಗಳೂರಿನ ಸರದಿ ಬಂದದ್ದು 1980ರ ದಶಕದಲ್ಲಿ. ಆ ಹೊತ್ತಿಗೆ ಮಾಲ್ಗುಡಿಗೂ ಕನ್ನಡದ ನೆಲದಲ್ಲಿ ಒಂದು ದಾರಿ ತೆರೆದಿತ್ತು. 1983ರಲ್ಲಿ ಟಿ.ಎಸ್. ನಾಗಾಭರಣ ‘ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್’ ಕಾದಂಬರಿಯನ್ನು ‘ಬ್ಯಾಂಕರ್ ಮಾರ್ಗಯ್ಯ’ ಎಂದು ಕನ್ನಡ ಚಿತ್ರ ಮಾಡಿದರು. ಮರದಡಿ ತಗಡಿನ ಪೆಟ್ಟಿಗೆ ಇಟ್ಟುಕೊಂಡು ರೈತರಿಗೆ ಸಾಲದ ಅರ್ಜಿ ಬರೆದುಕೊಡುವ ಮಾರ್ಗಯ್ಯನಾಗಿ ಲೋಕೇಶ್. ನಾರಾಯಣ್ ಇಂಗ್ಲಿಷಿನಲ್ಲಿ ಬರೆದದ್ದನ್ನು ಓದುವಾಗ ಮೈಸೂರಿನವರ ಕಿವಿಗೆ ಹಿಂದೆಯೇ ಕೇಳುತ್ತಿದ್ದ ಮಾತು ಅಲ್ಲಿ ನೇರವಾಗಿ ಕೇಳಿತು.

ಆಮೇಲೆ ಬಂದದ್ದು ಆಗುಂಬೆ.

1986ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ನಿರ್ಮಾಪಕರು ಟಿ.ಎಸ್. ನರಸಿಂಹನ್, ನಿರ್ದೇಶಕ ಶಂಕರ್ ನಾಗ್. ‘ಮಿಂಚಿನ ಓಟ’, ‘ಆಕ್ಸಿಡೆಂಟ್’ ಮಾಡಿದ್ದ ಈ ತರುಣನಿಗೆ ವೇಗದ ನಿರ್ದೇಶಕ ಎಂಬ ಹೆಸರಿತ್ತು. ಅಂಥವರು ನಿಧಾನವೇ ಜೀವಾಳವಾದ ಕಥೆಗಳನ್ನು ಎತ್ತಿಕೊಂಡರು. ಆಗುಂಬೆಯ ಬೀದಿಯೇ ಮಾಲ್ಗುಡಿಯ ಬೀದಿಯಾಯಿತು, ಅಲ್ಲಿನ ದೊಡ್ಡಮನೆ ಕಥೆಗಳ ಹುಡುಗ ಸ್ವಾಮಿಯ ಮನೆಯಾಯಿತು. ಕಲಾನಿರ್ದೇಶಕ ಜಾನ್ ದೇವರಾಜ್ ಊರಿಗೆ ಬೇಕಾದ ಫಲಕ, ಅಂಗಡಿ, ಕುದುರೆ ಏರಿದ ದೊರೆಯ ಪ್ರತಿಮೆ ಎಲ್ಲ ಮಾಡಿದರು. ಆಗುಂಬೆಗೆ ರೈಲಿಲ್ಲ, ಮಾಲ್ಗುಡಿ ರೈಲಿಲ್ಲದೆ ಆಗದು. ಹೊಸನಗರ ತಾಲ್ಲೂಕಿನ ಅರಸಾಳು ನಿಲ್ದಾಣ ಆ ಕೊರತೆ ತುಂಬಿತು. ಆರ್.ಕೆ. ಲಕ್ಷ್ಮಣ್ ಅಣ್ಣನ ಕಥೆಗಳಿಗೆ ಗೆರೆ ಬರೆದರು, ಎಲ್. ವೈದ್ಯನಾಥನ್ ರಾಗ ಕಟ್ಟಿದರು.

ಪಾತ್ರವರ್ಗವನ್ನು ನೋಡಿದರೆ ಕನ್ನಡ ರಂಗಭೂಮಿ ಮತ್ತು ಚಿತ್ರರಂಗ ಒಟ್ಟಾಗಿ ಒಂದು ಊರಿಗೆ ವಾಸಕ್ಕೆ ಬಂದ ಹಾಗಿದೆ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಮಿಠಾಯಿ ಅಂಗಡಿಯ ಜಗನ್ ಆಗಿ ಅನಂತ್ ನಾಗ್. ತಿಂಗಳಿಗೆ 45 ರೂಪಾಯಿ ಸಂಬಳಕ್ಕೆ ಕಟ್ಟುಬಿದ್ದು ಮಗಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಾಗದ ಗುಮಾಸ್ತನಾಗಿ ವಿಷ್ಣುವರ್ಧನ್. ಕನ್ನಡದ ದೊಡ್ಡ ತಾರೆ ಹೊಡೆದಾಟವಿಲ್ಲದೆ, ಹಾಡಿಲ್ಲದೆ, ಕಚೇರಿಯ ಕಾಗದಗಳ ನಡುವೆ ಬಾಗಿ ಕುಳಿತದ್ದನ್ನು ನೋಡಿದ ಮನೆಗಳಲ್ಲಿ ಮಾತು ನಿಂತಿತು.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಉದಯಪುರ ಮಾಲ್ಗುಡಿಯಲ್ಲ ಎಂದಾದರೆ ಆಗುಂಬೆ ಹೇಗೆ ಮಾಲ್ಗುಡಿಯಾಯಿತು? ನಾರಾಯಣ್ ಅವರ ಊರು ಬಯಲುಸೀಮೆಯ ಬಿಸಿಲಿನದು. ಅಲ್ಲಿನ ಸರಯೂ ನದಿ ಬೇಸಿಗೆಯಲ್ಲಿ ಬತ್ತಿ ಮರಳಾಗುತ್ತದೆ. ಆಗುಂಬೆಯೋ ಮಳೆಯ ತವರು, ಘಟ್ಟದ ನೆತ್ತಿ, ಸುತ್ತ ದಟ್ಟ ಕಾಡು. ಮೈಸೂರಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಭಾಷೆಯೂ ಹಿಂದಿ. ಅಚ್ಚ ಕನ್ನಡದ ನಟರು ಹಿಂದಿಯಲ್ಲಿ ಮಾತಾಡುತ್ತಿದ್ದರು. ಲೆಕ್ಕ ಹಾಕಿದರೆ ದೂರು ಹೇಳಲು ಕಾರಣಗಳು ‘ಗೈಡ್’ಗಿಂತ ಕಡಿಮೆ ಇರಲಿಲ್ಲ. ಆದರೂ ಜನ ಮರುಮಾತಿಲ್ಲದೆ ಒಪ್ಪಿದರು, ‘ಗೈಡ್’ ಚಿತ್ರದಿಂದ ಕಸಿವಿಸಿಪಟ್ಟಿದ್ದ ನಾರಾಯಣ್ ಅವರಿಗೂ ಇದು ಸಮಾಧಾನ ಕೊಟ್ಟಿತು.

ಉತ್ತರ ಭೂಪಟದಲ್ಲಿಲ್ಲ. ಮಾಲ್ಗುಡಿ ಯಾವ ಭೂಪಟದಲ್ಲೂ ಇಲ್ಲದ ಊರು, ಹಾಗಾಗಿ ನಾರಾಯಣ್ ಕೇಳುತ್ತಿದ್ದದ್ದು ಅಕ್ಷಾಂಶ ರೇಖಾಂಶವನ್ನಲ್ಲ. ಅವರು ಕೇಳುತ್ತಿದ್ದದ್ದು ಅಳತೆ. ಸ್ವಾಮಿಯ ಅಜ್ಜಿಯ ಕೋಣೆ ಎಷ್ಟು ದೊಡ್ಡದಿರಬೇಕು, ಅಪ್ಪ ಕೋಟು ಹಾಕಿಕೊಂಡು ಹೊರಟರೆ ಮನೆಯಲ್ಲಿ ಎಷ್ಟು ನಿಶ್ಶಬ್ದವಾಗಬೇಕು, ಜಗಲಿಯ ಮೇಲೆ ಕೂತವನಿಗೆ ಬೀದಿಯ ಎಷ್ಟು ಭಾಗ ಕಾಣಬೇಕು ಎಂಬುದು. ಹೆಂಚಿನ ಮಾಡಿನ ಆಗುಂಬೆಯ ಬೀದಿಯಲ್ಲಿ ಈ ಅಳತೆ ಸಿಕ್ಕಿತು. ಸುಮಾರು ಅರ್ಧ ಗಂಟೆಯ ಕಂತೂ ಅದಕ್ಕೆ ಒದಗಿಬಂತು. ಸಣ್ಣ ಊರಿನ ಕಥೆಯನ್ನು ಮೂರು ಗಂಟೆಯ ಚಿತ್ರಕ್ಕೆ ಹಿಗ್ಗಿಸಬೇಕಾದಾಗ ಹುಲಿ ಬೇಕಾಗುತ್ತದೆ. ಅರ್ಧ ಗಂಟೆಗೆ ಒಬ್ಬ ಅಂಚೆಯವನು, ಒಂದು ಕಾಗದ ಸಾಕು. ಶಂಕರ್ ನಾಗ್ 39 ಕಂತು ಮಾಡಿದರು. ಯಾವುದನ್ನೂ ಅದರ ಅಳತೆ ಮೀರಿ ಬೆಳೆಸಲಿಲ್ಲ.

ಆಮೇಲಿನ ಕನ್ನಡ ಟಿ.ವಿ. ಕಥೆ ಈ ಅಳತೆಯನ್ನು ಕಳೆದುಕೊಂಡ ಕಥೆಯೂ ಹೌದು. ಖಾಸಗಿ ವಾಹಿನಿಗಳು ಬಂದವು, ವಾರಕ್ಕೊಮ್ಮೆ ಬರುತ್ತಿದ್ದ ಧಾರಾವಾಹಿ ದಿನಾ ಬರತೊಡಗಿತು. ದಿನಾ ಬರುವುದೇ ತಪ್ಪಲ್ಲ. 1998ರಲ್ಲಿ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ ‘ಮಾಯಾಮೃಗ’ ದಿನದ ಧಾರಾವಾಹಿಯಾಗಿಯೇ ಮಧ್ಯಮವರ್ಗದ ಮನೆಗಳ ಚಿಂತೆಯನ್ನು ಗಂಭೀರವಾಗಿ ಹೇಳಿತು. ಗಿರೀಶ್ ಕಾಸರವಳ್ಳಿ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಧಾರಾವಾಹಿ ಮಾಡಿದಾಗ ನಂಜಮ್ಮನ ಕಷ್ಟ ಪುಸ್ತಕ ಮುಟ್ಟದವರ ಮನೆಗೂ ತಲುಪಿತು. ತೊಂದರೆ ಶುರುವಾದದ್ದು ಕಥೆ ಮುಗಿದರೂ ಧಾರಾವಾಹಿ ಮುಗಿಯಬಾರದು ಎಂಬ ಲೆಕ್ಕಾಚಾರದಿಂದ. ಹಿಂದಿಯ ‘ಬಾಲಿಕಾ ವಧು’ವಿನಿಂದ ಬಂದ ‘ಪುಟ್ಟಗೌರಿ ಮದುವೆ’ ಶುರುವಾದದ್ದು ಬಾಲ್ಯವಿವಾಹದ ನೋವಿನಿಂದ, ಗಟ್ಟಿಯಾದ ವಿಷಯದಿಂದ. ಪುಟ್ಟ ಹುಡುಗಿಯ ಕಷ್ಟಕ್ಕೆ ಮನೆಮನೆಯ ಹೆಂಗಸರು ಮರುಗಿದ್ದರು. ವರ್ಷಗಳು ಉರುಳಿ 2018ರ ಹೊತ್ತಿಗೆ ಗೌರಿ ಪ್ರಪಾತಕ್ಕೆ ಬಿದ್ದು ಬದುಕಿ, ಕಾಡಿನಲ್ಲಿ ಮೃಗಗಳನ್ನು ಎದುರಿಸುವ ಕಂತುಗಳು ಬಂದಾಗ ಅದೇ ನೋಡುಗರು ಸಿಟ್ಟಾದರು. ಆ ಸಿಟ್ಟು ನಗೆಚಿತ್ರಗಳ ರೂಪದಲ್ಲಿ ಮೊಬೈಲ್‌ನಿಂದ ಮೊಬೈಲ್‌ಗೆ ಹಾರಿತು. ಹೊರಗಿನವರಿಗೆ ಅದು ತಮಾಷೆ. ಗೌರಿಯನ್ನು ಮಗುವಾಗಿದ್ದಾಗಿನಿಂದ ನೋಡಿದವರಿಗೆ ಅದು ಮೋಸ ಹೋದ ಭಾವ, ಅವರ ಮಾತಿಗೆ ಕಿವಿಗೊಡಬೇಕಿತ್ತು.

ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತದಲ್ಲಿ ತೀರಿಕೊಂಡರು. ನಾರಾಯಣ್ 2001ರಲ್ಲಿ ಹೋದರು. 2004ರಲ್ಲಿ ‘ಮಾಲ್ಗುಡಿ ಡೇಸ್’ಗೆ ಮತ್ತೆ ಜೀವ ಕೊಡುವ ಕೆಲಸ ಶುರುವಾಯಿತು. ಕವಿತಾ ಲಂಕೇಶ್ ನಿರ್ದೇಶನದ 15 ಹೊಸ ಕಂತುಗಳು 2006ರಲ್ಲಿ ದೂರದರ್ಶನದಲ್ಲಿ ಬಂದವು. ಅವರ ಮುಂದಿದ್ದ ಕಷ್ಟ ಶಂಕರ್ ನಾಗ್ ಅವರಿಗೆ ಇರಲಿಲ್ಲ. ಶಂಕರ್ ಅವರ ಕೆಲಸವನ್ನು ಜನ ಪುಸ್ತಕದೊಂದಿಗೆ ಹೋಲಿಸಿದರು, ಪುಸ್ತಕ ಓದಿದವರು ಮಾತ್ರ ಹೋಲಿಸಿದರು. ಕವಿತಾ ಅವರ ಕಂತುಗಳನ್ನು ನೋಡಲು ಕೂತವರ ಕಣ್ಣಲ್ಲಿ ಮಂಜುನಾಥನ ಮುಖವಿತ್ತು, ಕಿವಿಯಲ್ಲಿ ವೈದ್ಯನಾಥನ್ ಅವರ ರಾಗವಿತ್ತು. ಒಂದು ಧಾರಾವಾಹಿಯೇ ಮೂಲಕೃತಿಯ ಜಾಗದಲ್ಲಿ ಕುಳಿತುಬಿಟ್ಟಿತ್ತು.

2020ರಲ್ಲಿ ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆ ಇಲಾಖೆ ದುರಸ್ತಿ ಮಾಡಿಸಿ ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿತು. ಮೈಸೂರಿನ ಯಾದವಗಿರಿಯಲ್ಲಿ ನಾರಾಯಣ್ ಅವರ ಮನೆ ನೆಲಸಮವಾಗುವ ಹಂತಕ್ಕೆ ಬಂದಾಗ ಓದುಗರು ದನಿಯೆತ್ತಿದ್ದರಿಂದ ಉಳಿದು, 2016ರಲ್ಲಿ ಸ್ಮಾರಕವಾಗಿ ತೆರೆಯಿತು. ಒಂದು ಲೇಖಕನ ಮನೆ, ಇನ್ನೊಂದು ಧಾರಾವಾಹಿಯ ಮನೆ. ಎರಡಕ್ಕೂ ಜನ ಮಾಲ್ಗುಡಿ ಹುಡುಕಿಕೊಂಡೇ ಹೋಗುತ್ತಾರೆ. ‘ದಿ ಗೈಡ್’ ಮಾತ್ರ ಅದು ಹುಟ್ಟಿದ ನೆಲದಲ್ಲಿ, ಕಾವೇರಿಯ ಮರಳ ಮೇಲೆ, ಮಳೆ ಬಂತೋ ಇಲ್ಲವೋ ಎಂಬ ಅನುಮಾನವನ್ನು ಹಾಗೇ ಉಳಿಸಿಕೊಂಡು ಚಿತ್ರವಾಗಬೇಕಿದೆ. ಆ ಕೆಲಸಕ್ಕೆ ಕೈ ಹಾಕುವ ಕನ್ನಡದ ನಿರ್ದೇಶಕರಿಗೆ ಮೊದಲು ಓದಲು ಕೊಡಬೇಕಾದದ್ದು ಕಾದಂಬರಿಯನ್ನು, ಅದರ ಜೊತೆಯಲ್ಲೇ ‘ಮಿಸ್‌ಗೈಡೆಡ್ ಗೈಡ್’ ಪ್ರಬಂಧವನ್ನು.